ಕೊನೆಯ ಸಾಲಿನ ಕೈ

ಏಪ್ರಿಲ್ ೧೨, ಭಾನುವಾರ. ಬೆಳಿಗ್ಗೆ ೧೦

ಮೈಕಿನ ಕೇಬಲ್ ತಪಾಸಣೆ ಅರ್ಧ ಮುಗಿಯಿತು. ನಡುಮನೆಯಲ್ಲಿ ಒಂದೊಂದನ್ನೇ ಹರಡಿ, ಎರಡೂ ತುದಿಗೆ ಮೀಟರ್ ಹಚ್ಚಿ, ಸರಿಯಿದ್ದುದಕ್ಕೆ ಹಸಿರು ಟೇಪು, ಸಂಶಯವಿದ್ದುದಕ್ಕೆ ಕೆಂಪು. ಕಳೆದ ವರ್ಷ ಉತ್ಸವ ಮುಗಿದ ಮೇಲೆ ಯಾರೋ ಇವನ್ನು ಬಾವಿಹಗ್ಗದಂತೆ ಮೊಣಕೈಗೆ ಸುತ್ತಿಟ್ಟಿದ್ದಾರೆ. ಕೇಬಲ್ ಹಗ್ಗವಲ್ಲ. ಪ್ರತಿ ವರ್ಷ ಹೇಳುತ್ತೇನೆ.

ಹೊಳಲೂರಿನ ಬೇಸಿಗೆ ಉತ್ಸವಕ್ಕೆ ಇದು ಹನ್ನೆರಡನೆಯ ವರ್ಷ. ಮೇ ೧೫ರಿಂದ ಮೂರು ದಿನ. ಜಾಗ ಅದೇ — ಶೇಷಪ್ಪನವರ ಆಲೆಮನೆ. ಕಬ್ಬು ಅರೆದು ಬೆಲ್ಲ ತೆಗೆಯುವ ಕೆಲಸ ಈ ತಿಂಗಳಿಗೆ ನಿಲ್ಲುತ್ತದೆ. ಆಮೇಲೆ ಒಲೆ, ಕೊಪ್ಪರಿಗೆ, ಅಂಗಳ ಎಲ್ಲವೂ ಖಾಲಿ. ಹಗಲು ಮಕ್ಕಳಿಗೆ ಹಸೆ ಚಿತ್ತಾರ, ಮಣ್ಣಿನ ಕೆಲಸ. ಸಂಜೆ ಡೊಳ್ಳು, ಸೋಬಾನೆ, ಸಂಗೀತ ಕಚೇರಿ. ಮೊದಲ ವರ್ಷದಿಂದ ಧ್ವನಿಯ ಜವಾಬ್ದಾರಿ ನನ್ನದು. ವೇದಿಕೆ ಹತ್ತಿದವನಲ್ಲ, ಹತ್ತುವ ಆಸೆಯೂ ಇಲ್ಲ. ಮಿಕ್ಸರ್ ಮುಂದಿನ ಕುರ್ಚಿ ಸಾಕು.

ಸಂಧ್ಯಾ ಹಿತ್ತಿಲಿನಿಂದ ಓಡಿಬಂದು ಒಲೆ ಆರಿಸಿದಳು.

"ಏನ್ರೀ, ಮೂರು ವಿಷಲ್‌ಗೆ ಆಫ್ ಮಾಡಿ ಅಂದಿರ್ಲಿಲ್ವಾ? ಆರಾಯ್ತು! ಅಡುಗೆಮನೆ ಬಾಗಿಲಲ್ಲೇ ಕೂತಿದೀರಲ್ಲ ಮಾರಾಯ್ರೆ."

ಒಂದೂ ವಿಷಲ್ ಆಗಿಲ್ಲವೆಂದುಕೊಂಡಿದ್ದೆ. ಕೆಲಸದಲ್ಲಿ ಮುಳುಗಿದ್ದೆ ಎಂದೆ. ಬೇಳೆ ಅಂಟಾಗಿದೆ.

ಏಪ್ರಿಲ್ ೧೭, ಶುಕ್ರವಾರ

ನಮ್ಮ ಎರಕದ ಕಾರ್ಖಾನೆಯಲ್ಲಿ ವಾರ್ಷಿಕ ವೈದ್ಯಕೀಯ ತಪಾಸಣೆ. ಇದುವರೆಗೆ ಕಿವಿಯ ಪರೀಕ್ಷೆ ಎರಕ ಹೊಯ್ಯುವವರಿಗೆ ಮತ್ತು ಉಜ್ಜುವವರಿಗೆ ಮಾತ್ರ ಇತ್ತು. ಈ ವರ್ಷ ನಮ್ಮ ಕ್ವಾಲಿಟಿ ವಿಭಾಗವನ್ನೂ ಸೇರಿಸಿದರು. ಗಾಜಿನ ಕಿಟಕಿಯ ಸಣ್ಣ ಕೋಣೆ. ಹೆಡ್‌ಫೋನು. ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು.

ಒತ್ತಿದೆ. ಒತ್ತಿದೆ. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ಕಾದೆ. ಗಾಜಿಗೆ ತಟ್ಟಿ ಹೊರಗಿದ್ದ ಆಡಿಯಾಲಜಿಸ್ಟ್‌ಗೆ ಹೇಳಿದೆ — ನಿಮ್ಮ ಯಂತ್ರ ಕೆಟ್ಟಿದೆ, ಔಟ್‌ಪುಟ್ ಬರುತ್ತಿಲ್ಲ, ಕನೆಕ್ಟರ್ ನೋಡಿ.

"ಇಲ್ಲ ಸರ್, ಟೋನ್ ಹೋಗ್ತಾ ಇದೆ."

"ಎಲ್ಲಿಗೆ?"

"ನಿಮ್ಮ ಕಿವಿಗೇ ಸರ್."

ಆಕೆ ಕೊಟ್ಟ ಗ್ರಾಫನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಗ್ರಾಫ್ ಓದುವುದೇ ನನ್ನ ಕೆಲಸ. ತಗ್ಗಿನ ಸ್ವರಗಳಲ್ಲಿ ರೇಖೆ ನೆಟ್ಟಗಿದೆ. ಮೇಲಕ್ಕೆ ಹೋದಂತೆ ಬಾವಿಗೆ ಇಳಿದ ಹಾಗೆ ಇಳಿದಿದೆ. ಎರಡೂ ಕಿವಿ. ನೌಕರಿಯ ಮೊದಲರ್ಧವೆಲ್ಲ ಎರಕ ಉಜ್ಜುವ ಯಂತ್ರಗಳ ಪಕ್ಕದಲ್ಲೇ ನನ್ನ ಮೇಜಿತ್ತು. ಕುಕ್ಕರಿನ ಕೂಗು, ತಾಳದ ಕಿಣಿಕಿಣಿ, ಮಾತಿನ 'ಸ' ಮತ್ತು 'ಷ' — ಎಲ್ಲ ಆ ಬಾವಿಯೊಳಗೆ.

ಬಸ್ಸಿನಲ್ಲಿ ಬರುವಾಗ ಒಂದೇ ಯೋಚನೆ. ನಮ್ಮ ವಿಭಾಗದ ನಿಯಮ: ಒಂದು ಗೇಜು ತಪ್ಪು ತೋರಿಸುತ್ತಿದೆ ಎಂದು ತಿಳಿದರೆ, ಅದು ಸರಿಯಿತ್ತೆಂದು ಖಚಿತವಾಗಿದ್ದ ಕೊನೆಯ ದಿನದಿಂದ ಈಚೆಗೆ ಅದರಿಂದ ಅಳೆದ ಪ್ರತಿಯೊಂದು ಎರಕವನ್ನೂ ಹಿಂದಕ್ಕೆ ಕರೆಸಬೇಕು. ಗಿರಾಕಿಯ ಗೋದಾಮಿನಿಂದಲೂ. ಎಷ್ಟೇ ನಾಚಿಕೆಯಾದರೂ.

ಕಚೇರಿಗಳನ್ನು ಹಿಂದಕ್ಕೆ ಕರೆಸುವುದು ಹೇಗೆ?

ಸಂಧ್ಯಾಗೆ ಹೇಳಲಿಲ್ಲ. ಬಿ.ಪಿ. ನಾರ್ಮಲ್ ಎಂದೆ. ಅದು ನಿಜ.

ಏಪ್ರಿಲ್ ೧೯, ಭಾನುವಾರ

ಹಿಂದಿನ ಉತ್ಸವಗಳ ಧ್ವನಿಮುದ್ರಣ ಕೇಳಿದೆ. ಎಲ್ಲವೂ ಚೆನ್ನಾಗಿದೆ. ಚೆನ್ನಾಗಿಯೇ ಇರುತ್ತದೆ... ಕೆಟ್ಟ ಗೇಜು ತನ್ನನ್ನು ತಾನೇ ಅಳೆದುಕೊಂಡರೆ ಪಾಸಾಗುತ್ತದೆ.

ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಗ್ರಾಫಾಗಿ ಹಾಕಿ ಕಣ್ಣಿನಿಂದ ನೋಡಿದೆ. ಕಿವಿಗೆ ಕೇಳದ್ದು ಪರದೆಯ ಮೇಲೆ ಸ್ಪಷ್ಟ. ಮೊದಲ ವರ್ಷಗಳಲ್ಲಿ ಸಮವಾಗಿದ್ದ ಧ್ವನಿ, ಇತ್ತೀಚಿನ ನಾಲ್ಕೈದು ವರ್ಷಗಳಲ್ಲಿ ಮೇಲಿನ ಸ್ವರಗಳಲ್ಲಿ ಏರುತ್ತಾ ಹೋಗಿದೆ. ನನ್ನ ಕಿವಿ ಎಷ್ಟು ಕಳೆದುಕೊಂಡಿತೋ ಅಷ್ಟನ್ನು ಮಿಕ್ಸರಿನಲ್ಲಿ ಸೇರಿಸಿ, ಊರಿನವರೆಲ್ಲರ ಕಿವಿಗೆ ಹೊಯ್ದಿದ್ದೇನೆ. ಬಯಲಿನಲ್ಲಿ ಕುಳಿತವರಿಗೆ ಅದು ತಗಡಿನ ಮೇಲೆ ಮೊಳೆ ಎಳೆದಂತೆ ಕೇಳಿಸಿರಬೇಕು.

ಯಾರೂ ಒಂದು ಮಾತು ಹೇಳಲಿಲ್ಲ. ಒಬ್ಬರೂ.

ಒಂದು ಚಿತ್ರ ನೆನಪಾಯಿತು. ಹೋದ ವರ್ಷ ಮುಂದಿನ ಸಾಲಿನ ಹೆಂಗಸರ ಕಿವಿಯಲ್ಲಿ ಬಿಳಿಯ ಹತ್ತಿ ಕಂಡಿದ್ದೆ. ಹೊಳೆಯ ಗಾಳಿಗೆ ಶೀತವಾದೀತೆಂದು ಇಟ್ಟುಕೊಂಡಿದ್ದಾರೆ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ.

ಏಪ್ರಿಲ್ ೨೬, ಭಾನುವಾರ. ಸಂಜೆ

ಭದ್ರಾವತಿ. ಸಂಗೀತದ ಟೀಚರ್ ಬಸವರಾಜೇಶ್ವರಿಯವರ ಮನೆಯಲ್ಲಿ ಉತ್ಸವದ ಸಭೆ. ಉತ್ಸವ ಶುರು ಮಾಡಿದವರು ಅವರೇ. ನಿವೃತ್ತರಾದ ಮೇಲೂ ದನಿ ಶಾಲೆಯ ಕೊನೆಯ ಬೆಂಚಿಗೆ ಮುಟ್ಟುವಂಥದ್ದು. ಪಕ್ಕದ ಮನೆಯ ತಮಿಳು ಅಜ್ಜಿ ಕಾಂಪೌಂಡಿನ ಮೇಲಿಂದ ಕೋಡುಬಳೆಯ ತಟ್ಟೆ ದಾಟಿಸಿ, "ಸಾಪ್ಡುಂಗೋ, ಚೆನ್ನಾಗೈತೆ," ಎಂದು ಎರಡು ಭಾಷೆಯಲ್ಲಿ ಉಪಚರಿಸಿದರು.

ಹೇಳಿಬಿಡಬೇಕೆಂದು ಹೋಗಿದ್ದೆ. ವಾಕ್ಯ ಸಿದ್ಧವಾಗಿತ್ತು. ಅಷ್ಟರಲ್ಲಿ ಟೀಚರ್ ಘೋಷಿಸಿದರು — ಈ ವರ್ಷ ಕೊನೆಯ ದಿನ ನನಗೆ ಸನ್ಮಾನ. ಶಾಲು, ಹಾರ.

"ಬೇಡ ಅನ್ಬೇಡಿ ಜಯಕುಮಾರ್. ನೀವಿಲ್ದಿದ್ರೆ ಈ ಉತ್ಸವಕ್ಕೆ ಬಾಯೇ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ವಾಕ್ಯದ ಬದಲು ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡೆ.

ಕೊನೆಯ ದಿನ ರಕ್ಷಾಳ ಕಚೇರಿ. ಟೀಚರ ಶಿಷ್ಯೆ, ಕುಂಸಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಇಷ್ಟು ವರ್ಷ ತಂಬೂರಿ ಹಿಡಿದು ಹಿಂದೆ ಕುಳಿತವಳಿಗೆ ಇದು ಮೊದಲ ಪೂರ್ಣ ಕಚೇರಿ. ಧ್ವನಿ ಸಣ್ಣದು, ವೇದಿಕೆಗೆ ಸಾಲದು ಎಂದು ಎರಡು ಕಡೆ ವಾಪಸು ಕಳಿಸಿದ್ದಾರಂತೆ. ಗಂಡನ ಮನೆಯವರೂ ಬರುತ್ತಾರೆ — ಇದೊಂದು ಸಲ ಹಾಡಲಿ, ಆಮೇಲೆ ಸಂಗೀತ ಸಾಕು ಎಂಬ ಅಭಿಪ್ರಾಯ ಅವರದು. ಟೀಚರ್ ಇದನ್ನು ಕೋಡುಬಳೆ ಮುರಿಯುತ್ತಾ ಹೇಳಿದರು. ರಕ್ಷಾ ತಲೆ ಎತ್ತಲಿಲ್ಲ.

ಹೊರಡುವ ಹೊತ್ತಿಗೆ ಆಕೆ ನನ್ನ ಬಳಿ ಬಂದಳು.

"ಸರ್... ನನ್ನ ಕಚೇರಿಗೆ ಮೈಕು ಸ್ವಲ್ಪ ದೂರ ಇಡ್ಬಹುದಾ?"

ಟೀಚರ್ ಜೋರಾಗಿ, "ಏ ರಕ್ಷಾ, ಕಾಫಿ ಲೋಟ ಒಳಗಿಡಮ್ಮ," ಎಂದರು. ಉಳಿದವರು ಕೋಡುಬಳೆಯನ್ನು ಬಹಳ ಆಸಕ್ತಿಯಿಂದ ನೋಡಿದರು.

ಎಲ್ಲರಿಗೂ ಗೊತ್ತಿದೆ. ನನಗೆ ನೋವಾಗಬಾರದೆಂದು ಒಂದು ಊರೇ ಒಪ್ಪಂದ ಮಾಡಿಕೊಂಡಂತಿದೆ. ನಾನು ಹೀಗೆಯೇ ಕುರ್ಚಿಯಲ್ಲಿ ಕುಳಿತರೆ ಈ ಹೆಣ್ಣುಮಗಳ ಧ್ವನಿಯನ್ನು ನಾನೇ ಕೆಡಿಸುತ್ತೇನೆ. ಆಕೆಗೆ ಎರಡನೆಯ ಅವಕಾಶ ಸಿಗುವುದಿಲ್ಲ.

ಮೇ ೩, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆಯುವಂಥದ್ದು ಮಾಡಲಿಲ್ಲ.

ಇಂದು ಸ್ಕೂಟರಿನಲ್ಲಿ ಹೊಳಲೂರಿಗೆ ಹೋದೆ. ಜಾಗ ನೋಡುವ ನೆಪ. ಆಲೆಮನೆಯ ಜಗಲಿಯ ಮೇಲೆ ಶೇಷಪ್ಪನವರ ಅಕ್ಕ ಹಾಲಮ್ಮ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಮೊದಲ ದಿನ ಸೋಬಾನೆ ಹೇಳುವ ತಂಡಕ್ಕೆ ಅವರೇ ಹಿರಿಯರು. ಮೂರೂ ದಿನ ಮೊದಲ ಸಾಲು ಬಿಟ್ಟು ಕದಲುವವರಲ್ಲ. ಪಕ್ಕದಲ್ಲಿ ಹತ್ತಿಯ ರಾಶಿ. ಬತ್ತಿಯ ಎರಡು ಗುಡ್ಡೆ.

ನೇರವಾಗಿ ಕೇಳಿದೆ. ಹೋದ ವರ್ಷ ಕಿವಿಗೆ ಹತ್ತಿ ಏಕೆ ಇಟ್ಟುಕೊಂಡಿದ್ದಿರಿ?

ಕೈ ನಿಂತಿತು. ಸೆರಗಿನಿಂದ ಒಂದು ಗುಡ್ಡೆಯನ್ನು ಮುಚ್ಚಿದರು.

"ಅಯ್ಯೋ, ಕಂಡ್‌ಬಿಟ್ರಾ? ಸೆರಗು ಹೊದ್ಕಂಡೇ ಇಟ್ಕಂತಿದ್ವಲ್ಲ."

"ನನ್ನ ಸೌಂಡು ಅಷ್ಟು ಕೆಟ್ಟದಾಗಿತ್ತೇ ಹಾಲಮ್ಮ?"

"ಕೆಟ್ಟದು ಅಂತ ಯಾರಂದ್ರು? ಒಸಿ ಚುಚ್ತಿತ್ತು ಅಷ್ಟೇಯ. ಈ ಗುಡ್ಡೆ ದ್ಯಾವ್ರಿಗೆ, ಆ ಗುಡ್ಡೆ ನಿಮ್ ಉತ್ಸವಕ್ಕೆ. ನಾಕು ವರ್ಸದಿಂದ ಹಿಂಗೇಯ. ನಮ್ ಕೇರಿ ಹೆಂಗಸರಿಗೆಲ್ಲ ನಾನೇ ಹಂಚೋದು."

"ಚುಚ್ಚಿದರೆ ಮತ್ತೇಕೆ ಬಂದಿರಿ?"

ನನ್ನನ್ನು ತುಸು ಮರುಕದಿಂದ ನೋಡಿದರು. "ಹತ್ತಿ ಇಟ್ಕಂಡ್ರೆ ಭಾಳ ಚೆನ್ನಾಗಿ ಕೇಳ್ತದೆ ಸ್ವಾಮಿ. ಪಕ್ಕದೂರಲ್ಲಿ ಅಷ್ಟು ಚೆನ್ನಾಗಿಲ್ಲ."

ತಾಂತ್ರಿಕವಾಗಿ ಇದು ಸರಿ. ಹತ್ತಿ ಮೇಲಿನ ಸ್ವರಗಳನ್ನೇ ಹೆಚ್ಚಾಗಿ ತಡೆಯುತ್ತದೆ. ನಾನು ಅತಿಯಾಗಿ ಸೇರಿಸಿದ್ದನ್ನು ಇವರು ಹೂಬತ್ತಿಯಿಂದ ಕಳೆಯುತ್ತಿದ್ದರು. ನಾಲ್ಕು ವರ್ಷ, ನನ್ನ ತಪ್ಪನ್ನು ಸೆರಗಿನ ಮರೆಯಲ್ಲಿ ಸರಿಪಡಿಸಿಕೊಂಡು, ಕೊನೆಗೆ ನನಗೇ ಕೈಮುಗಿದು ಮನೆಗೆ ಹೋಗಿದ್ದಾರೆ.

ನಗು ಬಂತು. ಎಷ್ಟೋ ದಿನಗಳ ಮೇಲೆ. ಹಾಲಮ್ಮನೂ ನಕ್ಕರು. ಆಮೇಲೆ ಅವರಿಗೆ ಎಲ್ಲ ಹೇಳಿದೆ — ಸಂಧ್ಯಾಗಿಂತ ಮೊದಲು. ಅದು ಸರಿಯಲ್ಲ.

ಮೇ ೪, ಸೋಮವಾರ

ಸಂಧ್ಯಾಗೆ ಹೇಳಿದೆ. ಆಕೆ ಸೌತೆಕಾಯಿ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು.

"ಮೂರು ವರ್ಷದಿಂದ ನಿಮ್ಮನ್ನ ಎರಡೆರಡು ಸಲ ಕರೀತಿದೀನಿ. ಮೊದಲನೇದು ನನಗೆ, ಎರಡನೇದು ನಿಮಗೆ."

"ಹೇಳಬಾರದಿತ್ತೇ?"

"ಹೇಳಿದ್ರೆ ಮೀಟರ್ ತಂದು ನನ್ನ ಗಂಟಲು ಟೆಸ್ಟ್ ಮಾಡ್ತಿದ್ರಿ."

ನಾಳೆ ರಜೆ ಹಾಕಿ ನನ್ನೊಡನೆ ಕ್ಲಿನಿಕ್ಕಿಗೆ ಬಾ ಎಂದು ಆಕೆಗೆ ಹೇಳಬೇಕೆಂದಿದ್ದೆ. ಅದಕ್ಕೂ ಮೊದಲೇ ಆಕೆ, ತಾನು ಕಲಿಸುವ ಶಾಲೆಯ ಬೇಸಿಗೆ ಶಿಬಿರಕ್ಕೆ ನಾಳೆ ಬರುವುದಿಲ್ಲವೆಂದು ಅಲ್ಲಿನ ಹೆಡ್‌ಮಿಸ್ಟ್ರೆಸ್‌ಗೆ ಫೋನು ಮಾಡಿದ್ದಳು.

ಮೇ ೫, ಮಂಗಳವಾರ

ಶಿವಮೊಗ್ಗದ ಕ್ಲಿನಿಕ್ಕು. ಕಿವಿಯ ಹಿಂದೆ ಕೂರುವ ಯಂತ್ರ, ಎರಡೂ ಕಡೆ. ಒಂದು ತಿಂಗಳು ಪರೀಕ್ಷೆಗೆ. ಹಾಕಿದ ಕ್ಷಣ ನನ್ನ ಧ್ವನಿಯೇ ಡಬ್ಬದೊಳಗಿಂದ ಬಂದಂತೆ ಕೇಳಿತು. ಸಂಧ್ಯಾ ಕೈಚೀಲದಿಂದ ಕಾಗದ ತೆಗೆದಳು. ಬೆಂಕಿ ಹೊತ್ತಿದಂತೆ ಸದ್ದು. ಬೆಚ್ಚಿದೆ.

"ಮೆದುಳು ಹೊಂದಿಕೊಳ್ಳೋಕೆ ಟೈಮ್ ಬೇಕು ಸರ್," ಎಂದರು ಆಡಿಯಾಲಜಿಸ್ಟ್. ಮಿಕ್ಸಿಂಗ್ ಮಾಡಬಹುದೇ ಎಂದು ಕೇಳಿದೆ. "ಈ ವರ್ಷ ಬೇಡ."

ದುರಸ್ತಿಯಲ್ಲಿರುವ ಗೇಜಿಗೆ ನಾವು ಕೆಂಪು ಚೀಟಿ ಕಟ್ಟುತ್ತೇವೆ. ಬಿಸಾಡುವುದಿಲ್ಲ. ಅದರಿಂದ ಅಳೆಯುವುದಿಲ್ಲ, ಅಷ್ಟೇ.

ಮೇ ೬, ಬುಧವಾರ. ಊಟದ ವಿರಾಮದಲ್ಲಿ

ಬಸವರಾಜೇಶ್ವರಿ ಟೀಚರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಸನ್ಮಾನ ಬೇಡ, ಧ್ವನಿಗೆ ಬೇರೆಯವರನ್ನು ನೋಡಿ ಎಂದೆ.

ಆ ಕಡೆಯಿಂದ ದೀರ್ಘವಾದ ಉಸಿರು. "ಅಬ್ಬಾ... ಹೇಳಿದ್ರಲ್ಲ ಮಾರಾಯ್ರೆ! ಮೂರು ವರ್ಷದಿಂದ ಈ ಮಾತು ನನ್ನ ಬಾಯಲ್ಲಿ ಬಿಸಿಬಿಸಿ ಕಡುಬಿನ ಹಾಗೆ ಇತ್ತು. ನುಂಗೋಕೂ ಆಗ್ತಿರ್ಲಿಲ್ಲ, ಉಗುಳೋಕೂ ಆಗ್ತಿರ್ಲಿಲ್ಲ."

ಮದುವೆಯ ಕಾಲ. ಶಿವಮೊಗ್ಗ, ಭದ್ರಾವತಿ ಎಲ್ಲಿಯೂ ಸೌಂಡಿನವರು ಖಾಲಿಯಿಲ್ಲ. ಸಿಕ್ಕವನೊಬ್ಬ ಡಿ.ಜೆ. ಬಾಕ್ಸ್ ತರುತ್ತೇನೆ ಎಂದನಂತೆ.

"ಅದು ಬೇಡ," ಎಂದೆ. "ಮೈಕಿಲ್ಲದೆ ಮಾಡೋಣ."

"ಬಯಲಲ್ಲಿ? ರಕ್ಷಾ ಧ್ವನಿಗೆ? ಹುಡುಗಾಟಾನಾ?"

ನಾಲ್ಕು ದಿನ ಕೊಡಿ ಎಂದೆ. ಹೇಗೆ ಎಂಬುದು ನನಗೂ ಗೊತ್ತಿಲ್ಲ.

ಮೇ ೧೦, ಭಾನುವಾರ

ಸಾಧ್ಯವಿದೆ. ಬಹುಶಃ.

ಬೆಳಿಗ್ಗೆ ಬೇಗ ಎಲ್ಲರೂ ಆಲೆಮನೆಯಲ್ಲಿ ಸೇರಿದೆವು. ಇಷ್ಟು ವರ್ಷ ವೇದಿಕೆ ಬಯಲಿನ ನಡುವೆ ಇತ್ತು. ಅದನ್ನು ಒಲೆಮನೆಯ ಉದ್ದ ಗೋಡೆಗೆ ಬೆನ್ನು ಕೊಟ್ಟು ಹಾಕಬೇಕು. ಅಷ್ಟೇ ಸಾಲದು. ಗೋಡೆಗೆ ಒರಗಿಸಿಟ್ಟಿದ್ದ ಕೊಪ್ಪರಿಗೆಯ ಮೇಲೆ ಕಣ್ಣು ಬಿತ್ತು. ಹಾಲು ಕುದಿಸುವ — ಕಬ್ಬಿನ ಹಾಲು — ಆಳಿಗಿಂತ ಅಗಲದ, ತಟ್ಟೆಯಂತೆ ತಗ್ಗಾದ ಕಬ್ಬಿಣದ ಪಾತ್ರೆ. ಅದನ್ನು ಅಂಚಿನ ಮೇಲೆ ನಿಲ್ಲಿಸಿ ಗಾಯಕಿಯ ಬೆನ್ನ ಹಿಂದೆ ಇಟ್ಟರೆ, ಹಿಂದಕ್ಕೆ ಹೋಗುವ ಧ್ವನಿಯನ್ನೂ ಹಿಡಿದು ಮುಂದಕ್ಕೆ ಕಳಿಸುತ್ತದೆ. ಟಾರ್ಚಿನ ಒಳಗಿನ ಕನ್ನಡಿಯಂತೆ.

ಶೇಷಪ್ಪನವರು ಉರುಳಿಸಿಕೊಂಡು ಬಂದರು. "ಏನ್ ಸಾರ್, ಬೆಲ್ಲ ಕಾಯ್ಸೋ ಕೊಪ್ಪರಿಗೇಲಿ ಈ ಸಲ ಹಾಡು ಕಾಯಿಸ್ತೀರಾ? ಪಾಕ ಬರೋ ಹೊತ್ತಿಗೆ ಹೇಳಿ, ನೊರೆ ತೆಗೀತೀನಿ."

ಬೆರಳಿನಿಂದ ತಟ್ಟಿದೆ. ಟಣ್ ಎಂದು ನಿಂತಿತು. ರಕ್ಷಾ, "ಇನ್ನೂ ಕೂಗ್ತಾ ಇದೆ ಸರ್," ಎಂದಳು. ನನಗೆ ನಿಂತದ್ದು ಆಕೆಗೆ ನಿಂತಿರಲಿಲ್ಲ. ಕಿವಿಯ ಯಂತ್ರ ಜೇಬಿನಲ್ಲಿತ್ತು, ಹಾಕಿಕೊಳ್ಳಲು ಸಂಕೋಚ. ಕೊಪ್ಪರಿಗೆಯ ಬೆನ್ನಿಗೆ ಒದ್ದೆ ಗೋಣಿಚೀಲಗಳನ್ನು ಬಿಗಿದು ಕಟ್ಟಿಸಿದೆ. ಆಗ ಕೂಗು ಅಡಗಿತಂತೆ.

ಅಳೆಯುವುದು ಹೇಗೆ? ನನ್ನ ಗೇಜಿಗೆ ಕೆಂಪು ಚೀಟಿ. ಆದ್ದರಿಂದ ಹಾಲಮ್ಮ ಮತ್ತು ಅವರ ಕೇರಿಯ ಹೆಂಗಸರನ್ನು ಸಾಲುಸಾಲಾಗಿ ಕೂರಿಸಿದೆ. ಸಾಹಿತ್ಯದ ಮಾತು ಬಿಡಿಬಿಡಿಯಾಗಿ ಕೇಳುವವರೆಗೆ ಕೈ ಎತ್ತಿರಬೇಕು, ಕಲಸಿದರೆ ಇಳಿಸಬೇಕು. ಹಾಲಮ್ಮ ಮೊದಲ ಸಾಲು ಬಿಟ್ಟುಕೊಡಲಿಲ್ಲ. ನಿಮ್ಮ ಕಿವಿಯನ್ನೇ ನಂಬಿದ್ದೇನೆ ಎಂದ ಮೇಲೆ ಎದ್ದು, ಗೊಣಗುತ್ತಾ ಕೊನೆಯ ಸಾಲಿಗೆ ಹೋದರು.

ರಕ್ಷಾ ಹಾಡಿದಳು. ನಡುವಿನ ಸಾಲಿಗೇ ಕೈಗಳು ಇಳಿದವು.

"ನೋಡಿದ್ರಾ ಸರ್," ಎಂದು ತಂಬೂರಿ ಕೆಳಗಿಟ್ಟಳು. "ನಂದು ಅಡುಗೆಮನೆ ಧ್ವನಿ."

ಟೀಚರ್ ಬೈದರು. ನಾನು ಕೊಪ್ಪರಿಗೆಯ ಕೆಳಗೆ ಇಟ್ಟಿಗೆಯ ಚೂರು ಸೇರಿಸಿ ತುಸು ಮುಂದಕ್ಕೆ ಬಾಗಿಸಿದೆ. ಮತ್ತೆ ಹಾಡು. ಮತ್ತೆ ಚೂರು. ರಕ್ಷಾಳನ್ನು ಒಂದು ಗೇಣು ಹಿಂದಕ್ಕೆ. ನಿಧಾನವಾಗಿ ಹಿಂದಿನ ಕೈಗಳು ಏಳತೊಡಗಿದವು. ಕೊನೆಯ ಸಾಲಿನಲ್ಲಿ ಹಾಲಮ್ಮ ಕೈಯನ್ನು ಭುಜದವರೆಗೆ ಎತ್ತಿ ನಿಲ್ಲಿಸಿದರು.

"ಅರ್ಧ ಕೇಳ್ತು!"

ಅಷ್ಟರಲ್ಲಿ ಬಿಸಿಲೇರಿತು, ಕೈಗಳು ಒಂದೊಂದಾಗಿ ಇಳಿದವು. ಕಾಯ್ದ ನೆಲದ ಮೇಲಿನ ಗಾಳಿ ಧ್ವನಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಮುಂಜಾನೆ ಹಾಗಲ್ಲ, ತಂಪು ಗಾಳಿ ನೆಲಕ್ಕೆ ಅಂಟಿರುತ್ತದೆ, ಧ್ವನಿ ಬಾಗಿ ಕೇಳುಗರ ಕಡೆಗೇ ಬರುತ್ತದೆ. ರಕ್ಷಾಳ ಕಚೇರಿಯನ್ನು ಭಾನುವಾರ ಸಂಜೆಯಿಂದ ಬೆಳಿಗ್ಗೆ ಆರಕ್ಕೆ ಬದಲಿಸಬೇಕು ಎಂದೆ.

"ಆರಕ್ಕೆ ಯಾರ್ರೀ ಬರ್ತಾರೆ?" ಟೀಚರ್.

"ನಾವು ಹಾಲು ಕರೆಯೋ ಹೊತ್ತಿಗೇ ಎದ್ದಿರ್ತೀವಿ," ಹಾಲಮ್ಮ ಹಿಂದಿನಿಂದ ಕೂಗಿದರು. "ನಿಮ್ ಪ್ಯಾಟೆಯೋರ್ನ ನೀವು ಎಬ್ಬಿಸ್ಕಳಿ."

ಹೊರಡುವಾಗ ರಕ್ಷಾ ಕೊಪ್ಪರಿಗೆಯ ಒಳಗೆ ಮುಖವಿಟ್ಟು, ಯಾರಿಗೂ ಕೇಳದಂತೆ ಒಂದು ಷಡ್ಜ ಹಿಡಿದು ನೋಡಿದಳು. ಯಾರೂ ನೋಡುತ್ತಿಲ್ಲವೆಂದುಕೊಂಡಿದ್ದಳು.

ಮೇ ೧೫, ಶುಕ್ರವಾರ

ಮೊದಲ ದಿನ. ಡೊಳ್ಳಿಗೆ ಎಂದೂ ಮೈಕು ಬೇಕಿರಲಿಲ್ಲ. ಹನ್ನೊಂದು ವರ್ಷ ಅದರ ಮುಂದೆಯೂ ಮೈಕು ಇಟ್ಟಿದ್ದೆ. ಏಕೆ?

ಸೋಬಾನೆಯವರು ಕೊಪ್ಪರಿಗೆಯ ಮುಂದೆ ಕುಳಿತು ಹೇಳಿದರು. ಜನ ತಾವಾಗಿಯೇ ಹತ್ತಿರ ಸರಿದು ಕುಳಿತರು. ಮಕ್ಕಳು ಗಲಾಟೆ ಮಾಡಿದರೆ ಪಕ್ಕದವರೇ ಗದರಿಸಿದರು. ಮಿಕ್ಸರ್ ಇಲ್ಲದ ನನಗೆ ಕೂರುವ ಜಾಗವೇ ಇರಲಿಲ್ಲ. ನಿಂತೇ ಇದ್ದೆ.

ಮೇ ೧೬, ಶನಿವಾರ

ಸಂಜೆ ಗಾಳಿ. ಕೊಳಲು ನಾಲ್ಕನೆಯ ಸಾಲು ದಾಟಲಿಲ್ಲ. ಹಿಂದಿನವರು ಎದ್ದು ಹೋದರು. ನಾಳೆ ಬೆಳಿಗ್ಗೆ ಗಾಳಿ ಬಾರದಿರಲಿ... ಕುಂಸಿಯಿಂದ ರಕ್ಷಾಳ ಅತ್ತೆ ಮಾವ ಬಂದಿಳಿದಿದ್ದಾರೆ. ಮಾವ ಬಯಲನ್ನು ಒಮ್ಮೆ ನೋಡಿ, "ಮೈಕೂ ಇಲ್ವಾ?" ಎಂದರು.

ಮೇ ೧೭, ಭಾನುವಾರ. ಮಧ್ಯಾಹ್ನ, ಆಲೆಮನೆಯ ಜಗಲಿ

ಪುಸ್ತಕವನ್ನು ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಓರೆಯಾದರೆ ಆಗಲಿ.

ಗಾಳಿ ಇರಲಿಲ್ಲ. ಹೊಳೆಯ ಕಡೆಯಿಂದ ಮಂಜಿನಂಥ ತಂಪು ನೆಲದ ಮೇಲೆ ಮಲಗಿತ್ತು. ಜನ ಬಂದರು. ಪೇಟೆಯವರು ಕಡಿಮೆ, ಹೊಳಲೂರಿನವರು, ಹಾಲಿನ ಕ್ಯಾನು ಪಕ್ಕದಲ್ಲಿಟ್ಟುಕೊಂಡವರು, ಕಂಬಳಿ ಹೊದ್ದವರು. ಹಾಲಮ್ಮ ಯಾರೂ ಹೇಳದೆ ಕೊನೆಯ ಸಾಲಿಗೇ ಹೋಗಿ ಕುಳಿತರು. ಅವರ ಮುಂದೆ ರಕ್ಷಾಳ ಅತ್ತೆ ಮಾವ. ನಾನು ಬದಿಯಲ್ಲಿ, ಸಂಧ್ಯಾಳ ಪಕ್ಕ.

ತಂಬೂರಿ ಶುರುವಾಯಿತು. ನನಗೆ ಅದು ದೂರದ ಗುಂಗು. ಸಂಧ್ಯಾ ಮಾತಾಡದೆ ನನ್ನ ಜೇಬಿಗೆ ಕೈಹಾಕಿ, ಯಂತ್ರ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹಾಕಿಕೊಂಡೆ.

ತಂಬೂರಿಯ ತಂತಿಯ ಕೆಳಗೆ ಒಂದೆಳೆ ಹತ್ತಿನೂಲು ಇಡುತ್ತಾರೆ. ಜೀವಾಳ ಎನ್ನುತ್ತಾರೆ. ಅದರಿಂದ ತಂತಿಗೆ ಝೇಂಕಾರ ಹುಟ್ಟುತ್ತದೆ. ಒಂದು ಸ್ವರದೊಳಗಿಂದ ಹತ್ತು ಸ್ವರ ಬಿಚ್ಚಿಕೊಳ್ಳುತ್ತವೆ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ ನನಗೆ ತಿಳಿದಿಲ್ಲ. ಕಳೆದುಹೋಗಿದೆ ಎಂಬುದೇ ತಿಳಿದಿರಲಿಲ್ಲ. ಕಣ್ಣು ಮಂಜಾಯಿತು. ಸಂಧ್ಯಾ ಬೇರೆ ಕಡೆ ನೋಡಿದಳು. ಆಕೆಗೆ ಯಾವಾಗ ನೋಡಬಾರದೆಂದು ಗೊತ್ತು.

ರಕ್ಷಾ ಹಾಡತೊಡಗಿದಳು. ಸಣ್ಣ ಧ್ವನಿ, ನಿಜ. ಆದರೆ ಸಣ್ಣದಾದ್ದರಿಂದಲೇ ಅಂಚು ಒಡೆಯದ ಧ್ವನಿ. ಮೊದಲ ಕೃತಿ ಸುಗಮ. ಎರಡನೆಯದರಲ್ಲಿ ಮೇಲಿನ ಷಡ್ಜಕ್ಕೆ ಏರಿದಾಗ ನನಗೊಂದು ಸದ್ದು ಕೇಳಿತು. ಆಕೆಯ ಸ್ವರದ ಬಾಲ ಹಿಡಿದು ಒಂದು ತೆಳ್ಳನೆಯ ಸಿಳ್ಳು. ಆಕೆ ನಿಲ್ಲಿಸಿದರೂ ಅದು ನಿಲ್ಲಲಿಲ್ಲ.

ಕೊಪ್ಪರಿಗೆ ಕೂಗುತ್ತಿತ್ತು.

ಬೆನ್ನಿನ ಕಡೆ ಇಣುಕಿದೆ. ಗೋಣಿಚೀಲಗಳಿಲ್ಲ! ಪಕ್ಕದಲ್ಲಿದ್ದ ಶೇಷಪ್ಪನವರು ನನ್ನ ಮುಖ ನೋಡಿ ಪಿಸುಗುಟ್ಟಿದರು — "ಅದಾ ಸಾರ್? ಸ್ಟೇಜ್ ಮ್ಯಾಲೆ ಗೋಣಿಚೀಲ ಚೆನ್ನಾಗಿ ಕಾಣ್ತಿರ್ಲಿಲ್ಲ ಅಂತ ಬೆಳಿಗ್ಗೆ ತೆಗ್ದೆ. ಅವ್ರ ಮಾವ ಬೇರೆ ಬಂದವ್ರಲ್ಲ..."

ರಕ್ಷಾಗೂ ಕೇಳಿತ್ತು. ಮತ್ತೆ ಮೇಲಕ್ಕೆ ಏರಬೇಕಾದ ಕಡೆ ಹಿಂಜರಿದು, ಅರ್ಧಕ್ಕೇ ಇಳಿದಳು. ಪಿಟೀಲಿನವರು ತಲೆ ಎತ್ತಿದರು. ಮುಂದಿನ ಏರು ಹತ್ತಿರವಿತ್ತು. ಅಲ್ಲಿಯೂ ಇಳಿದರೆ ಆಕೆ ಇನ್ನು ಏರುವುದಿಲ್ಲ. ಈ ಬೆಳಿಗ್ಗೆ ಮಾತ್ರವಲ್ಲ.

ಚೀಲ ಹುಡುಕಿ, ನೆನೆಸಿ, ಕಟ್ಟುವಷ್ಟು ಸಮಯವಿರಲಿಲ್ಲ. ಎದ್ದೆ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಎಲ್ಲರ ಕಣ್ಣೆದುರು ವೇದಿಕೆ ಹತ್ತಿದೆ. ಕೊಪ್ಪರಿಗೆಯ ಹಿಂದೆ ಹೋಗಿ, ಅಂಗೈಗಳೆರಡನ್ನೂ ಚಪ್ಪಟೆಯಾಗಿ ಅದರ ಬೆನ್ನಿಗೆ ಒತ್ತಿ, ಎದೆ ತಾಗಿಸಿ, ಕೆನ್ನೆಯನ್ನೂ ತಾಗಿಸಿ ನಿಂತೆ. ಮನುಷ್ಯನ ಮೈ ಒಳ್ಳೆಯ ಗೋಣಿಚೀಲ. ಅದನ್ನು ಇಂದು ಕಲಿತೆ.

ಸಿಳ್ಳು ಅಡಗಿತು. ಕಬ್ಬಿಣ ಮೂಕವಾಯಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಂಗೈಯೊಳಗೆ ಏನೋ ಏರತೊಡಗಿತು — ಆಕೆ ಏರುತ್ತಿದ್ದಳು. ಕೊಪ್ಪರಿಗೆಯ ಹಿಂದೆ ನಿಂತವನಿಗೆ ಕಚೇರಿ ಸರಿಯಾಗಿ ಕೇಳಿಸುವುದಿಲ್ಲ. ಧ್ವನಿಯೆಲ್ಲ ಮುಂದಕ್ಕೆ ಹೋಗುತ್ತದೆ. ಹಾಗಾಗಲೆಂದೇ ಅದನ್ನು ನಿಲ್ಲಿಸಿದ್ದು. ಆದರೆ ಆ ಷಡ್ಜ ನನ್ನ ಮೂಳೆಯ ಮೂಲಕ ಹಾದುಹೋಯಿತು. ನಿಂತಿತು. ಅಲುಗಲಿಲ್ಲ.

ಕೊನೆಯ ಸಾಲಿಗೆ ಮುಟ್ಟಿತೇ? ನನಗೆ ತಿಳಿಯುವ ದಾರಿಯಿರಲಿಲ್ಲ. ಕತ್ತು ಚಾಚಿ ಅಂಚಿನ ಪಕ್ಕದಿಂದ ನೋಡಿದೆ.

ಎಲ್ಲರ ತಲೆಗಳಾಚೆ, ಕಟ್ಟಕಡೆಯ ಸಾಲಿನಲ್ಲಿ, ಹಾಲಮ್ಮ ಕೈ ಎತ್ತಿದ್ದರು. ಭುಜದವರೆಗೆ ಅಲ್ಲ. ಪೂರ್ತಿ. ಬಳೆಗಳು ಮೊಣಕೈಗೆ ಜಾರಿದ್ದವು. ಉತ್ಸವಕ್ಕೆ ಬಂದ ಅಪರಿಚಿತರು ಈ ಅಜ್ಜಿಗೆ ಏನಾಗಿದೆ ಎಂದು ನೋಡುತ್ತಿದ್ದರು. ಹಾಲಮ್ಮ ಯಾರ ಕಡೆಯೂ ನೋಡದೆ ನೇರ ನನ್ನನ್ನೇ ನೋಡುತ್ತಿದ್ದರು. ಹಾಡು ಮುಗಿಯುವವರೆಗೆ ಆ ಕೈ ಇಳಿಯಲಿಲ್ಲ. ನನ್ನದೂ.

ಆಮೇಲೆ —

ಶೇಷಪ್ಪನವರು ಒದ್ದೆ ಚೀಲ ತಂದು ಕಟ್ಟಿದರು. ನನ್ನ ಅಂಗಿಯ ಎದೆಯ ಮೇಲೆ ಕೊಪ್ಪರಿಗೆಯ ಮಸಿ, ದುಂಡಗೆ. ಟೀಚರ್ ಹೇಳದೆ ಕೇಳದೆ ಅದರ ಮೇಲೆಯೇ ಶಾಲು ಹೊದಿಸಿದರು. "ಕೊಳೆ ಮುಚ್ಚೋಕೆ ಮಾರಾಯ್ರೆ, ಸನ್ಮಾನ ಅಲ್ಲ."

ರಕ್ಷಾಳ ಮಾವ ಕಂಬಳಿ ಮಡಚುತ್ತಾ ಆಕೆಯ ಹತ್ತಿರ ಬಂದರು. ಹೊಗಳಲಿಲ್ಲ. "ಮನೇಲಿ ಬೆಳಿಗ್ಗೆ ಹಾಡ್ಕಳೋದು ಇದೇನಾ? ಅಲ್ಲಿ ಮಿಕ್ಸಿ ಸದ್ದಲ್ಲಿ ಗೊತ್ತಾಗ್ತಿರ್ಲಿಲ್ಲ," ಎಂದರು. ಕಂಬಳಿ ಹೆಗಲಿಗೆ ಹಾಕಿ, "ಮುಂದಿನ್ ವರ್ಷಾನೂ ಆರಕ್ಕೇನಾ?" ಎಂದು ನನ್ನನ್ನು ಕೇಳಿದರು. ಆರಕ್ಕೇ ಎಂದೆ. ರಕ್ಷಾ ತಂಬೂರಿಯ ಗವುಸು ಕಟ್ಟುತ್ತಿದ್ದಳು. ಗಂಟು ಎರಡು ಸಲ ಜಾರಿತು.

ಹಾಲಮ್ಮ ಬಂದು ಸೆರಗಿನ ತುದಿ ಬಿಚ್ಚಿ ತೋರಿಸಿದರು. ಹೂಬತ್ತಿಗಳು, ಮುಟ್ಟದವು.

"ತಂದಿದ್ದೆ. ನಂಬಿಕೆ ಬ್ಯಾಡ್ವಾ ಅಂತ ಕೇಳ್ಬ್ಯಾಡಿ, ಅಭ್ಯಾಸ."

"ಈಗೇನು ಮಾಡುತ್ತೀರಿ?"

"ಇದೇನ್ ಪ್ರಶ್ನೆ? ಎಣ್ಣೆ ಹಾಕಿ ಹಚ್ತೀನಿ."

ಮೇ ೧೮, ಸೋಮವಾರ. ಬೆಳಿಗ್ಗೆ

ಮೈಕಿನ ಕೇಬಲ್‌ಗಳು ಹಸಿರು ಕೆಂಪು ಟೇಪಿನೊಡನೆ ನಡುಮನೆಯ ಮೂಲೆಯಲ್ಲಿ ಹಾಗೆಯೇ ಇವೆ. ಸಂಧ್ಯಾಳ ಶಾಲೆಗೆ ಕೊಡುವುದೆಂದು ಯೋಚನೆ. ಮುಂದಿನ ವರ್ಷಕ್ಕೆ ಸಂಜೆಯ ಗಾಳಿಗೆ ತಡೆ ಬೇಕು; ಕಬ್ಬಿನ ಸಿಪ್ಪೆಯ ಮೆದೆಯನ್ನು ಗೋಡೆಯಂತೆ ಒಟ್ಟಿದರೆ? ಶೇಷಪ್ಪನವರಿಗೆ ಮಾರ್ಚ್‌ನಲ್ಲೇ ಹೇಳಬೇಕು. ಎರಡನೆಯ ಕೊಪ್ಪರಿಗೆಯೂ ಅವರಲ್ಲಿದೆ. ಎರಡನ್ನೂ ಕೋನದಲ್ಲಿ ಇಟ್ಟರೆ...

ಸಂಧ್ಯಾ ಸ್ನಾನಕ್ಕೆ ಹೋಗಿದ್ದಾಳೆ. ಹೋಗುವಾಗ ಒಂದೇ ಸಲ ಕರೆದಳು. ಬೇಳೆಗೆ ಮೂರು ವಿಷಲ್, ನೆನಪಿರಲಿ ಎಂದಳು. ಬರೆಯುತ್ತಾ ಕುಳಿತರೂ ಕಿವಿ ಅಲ್ಲಿಯೇ ಇದೆ. ಎಷ್ಟು ಒರಟು ಸದ್ದು ಅದು. ಇಡೀ ಬೀದಿಗೆ ಕೇಳುವಂಥದ್ದು. ಒಂದು ಆಯಿತು. ಎರಡು ಆಯಿತು. ಕೋನದ ಲೆಕ್ಕ ಹಾಕಿಬಿಟ್ಟು ಏಳೋಣ — ಗೋಡೆಯಿಂದ ವೇದಿಕೆಗೆ ಹತ್ತು ಅಡಿ ಎಂದಿಟ್ಟುಕೊಂಡರೆ, ಎರಡನೆಯ ಕೊಪ್ಪರಿಗೆಯ ಅಂಚು ಸುಮಾರು... ಮೂರು ಆಯಿತು.